ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲವಾ? ಮೋಟರ್ ಬದಲಿಸುವ ಮೊದಲು ಇಷ್ಟು ನೋಡಿ

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಗಾಡಿ ಬಿಸಿಯಾಗುವ ಕತೆ ಮನೆಮನೆಯಲ್ಲೂ ಇರುತ್ತದೆ. ಹೊರಗೆ 42-43 ಡಿಗ್ರಿ ಬಿಸಿಲು. ಕೆಳಗೆ ಡಾಂಬರು ಕಾದಿರುತ್ತದೆ. ಸೂಪರ್ ಮಾರ್ಕೆಟ್ ಕಡೆ ಆಟೋ, ತಳ್ಳುಗಾಡಿ, ಬೈಕುಗಳ ನಡುವೆ ಹತ್ತು ನಿಮಿಷ ಒಂದೇ ಕಡೆ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲಕ್ಕೆ ಏರುತ್ತದೆ. ಅದೇ ಗಾಡಿಯನ್ನು ರಿಂಗ್ ರೋಡಿಗೆ ತಂದು 60ರ ಸ್ಪೀಡಿನಲ್ಲಿ ಓಡಿಸಿದರೆ ಮುಳ್ಳು ತಾನೇ ಇಳಿಯುತ್ತದೆ.

ಈ ಗುರುತನ್ನು ಮೊದಲು ನೆನಪಿಟ್ಟುಕೊಳ್ಳಿ. ನಿಂತಾಗ ಬಿಸಿ, ಓಡುವಾಗ ತಂಪು ಅಂದರೆ ಹತ್ತರಲ್ಲಿ ಒಂಬತ್ತು ಸಲ ಫ್ಯಾನಿನದೇ ತೊಂದರೆ. ಓಡುವಾಗ ಮುಂದಿನ ಗಾಳಿ ಜಾಲರಿಯಲ್ಲಿ ತಾನಾಗಿ ನುಗ್ಗುತ್ತದೆ, ಆಗ ಫ್ಯಾನ್ ಬೇಕಾಗುವುದಿಲ್ಲ. ನಿಂತಾಗ ಗಾಳಿ ಎಳೆಯುವವರು ಬೇರೆ ಯಾರೂ ಇಲ್ಲ, ಫ್ಯಾನೇ ಎಳೆಯಬೇಕು. ಇದಕ್ಕೆ ಉಲ್ಟಾ ಆದರೆ, ಅಂದರೆ ಹುಮನಾಬಾದ್ ರೋಡಿನಲ್ಲಿ 80ರಲ್ಲಿ ಹೋಗುವಾಗಲೇ ಬಿಸಿಯಾದರೆ, ಫ್ಯಾನ್ ಬಿಡಿ, ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ನೀರು) ಕಮ್ಮಿಯಾಗಿದೆಯಾ, ರೇಡಿಯೇಟರ್ ಕಟ್ಟಿಕೊಂಡಿದೆಯಾ, ವಾಟರ್ ಪಂಪ್ ಕೆಲಸ ಮಾಡುತ್ತಿದೆಯಾ ಅಂತ ನೋಡಬೇಕು.

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ನೀಲಿ ಲೈಟ್ ಅಂದರೆ ಎಂಜಿನ್ ಇನ್ನೂ ತಣ್ಣಗಿದೆ, ಕೆಂಪು ಲೈಟ್ ಅಂದರೆ ಅತಿಯಾಗಿ ಬಿಸಿಯಾಗಿದೆ, ನಡುವೆ ಏನೂ ತೋರಿಸುವುದಿಲ್ಲ. ಹಾಗಾಗಿ ಕೆಂಪು ಲೈಟ್ ಹತ್ತಿದ ಮೇಲೆ "ಇನ್ನೊಂದು ಎರಡು ಕಿಲೋಮೀಟರ್, ಮನೆ ಬಂದೇಬಿಡ್ತು" ಅಂತ ಎಳೆಯಬೇಡಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವಿನ ತೆಳು ಪದರ) ಹೋಗುವುದು, ಹೆಡ್ ಬಾಗುವುದು ಆ ಎರಡು ಕಿಲೋಮೀಟರಿನಲ್ಲೇ.

ಈಗಲೇ ದಾರಿಯಲ್ಲಿ ಬಿಸಿಯಾಗಿ ನಿಂತಿದ್ದರೆ

ಎಸಿ ಆಫ್ ಮಾಡಿ. ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಎಲ್ಲಾ ಇಳಿಸಿ. ಮೇ ತಿಂಗಳಲ್ಲಿ ಹೀಟರಾ ಅನ್ನಬೇಡಿ. ಹೀಟರಿನೊಳಗೆ ಇರುವುದು ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿನೀರೇ ಅದರಲ್ಲಿ ಹರಿಯುತ್ತದೆ, ಆದ್ದರಿಂದ ಸ್ವಲ್ಪ ಬಿಸಿ ಆ ಕಡೆಯಿಂದ ಹೊರಗೆ ಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಲು ಜಾಗ ಸಿಗುವವರೆಗೆ ಇದು ಸಾಕು. ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ದೂರ ನಿಲ್ಲಿ. ಬಾನೆಟ್ ಸಂದಿಯಿಂದಲೇ ಆವಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ಟನ್ನೂ ಮುಟ್ಟಬೇಡಿ.

ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು ಎಲ್ಲಾ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಇದರಿಂದ ಕೈ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಮ್ಮ ಬಿಸಿಲಿನಲ್ಲಿ ಅರ್ಧ ಗಂಟೆ ಸಾಲುವುದಿಲ್ಲ, ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿ ಇದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾಗಿದ್ದರೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ಮುಚ್ಚಳ ತೆಗೆಯಿರಿ. ಕಾದ ಎಂಜಿನ್ನಿಗೆ ಐಸ್ ನೀರು, ಕೊಡದ ನೀರು ಸುರಿಯಬೇಡಿ. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ.

ನನ್ನ ಗಾಡಿಯ ಕತೆ

ನಮ್ಮವ್ವನನ್ನು ಕರಕೊಂಡು ಹುಣ್ಣಿಮೆ ದಿನ ಗಾಣಗಾಪುರಕ್ಕೆ ಹೋಗಿದ್ದೆ. ಹುಣ್ಣಿಮೆ ಅಂದಮೇಲೆ ಅಲ್ಲಿನ ಜನ ಗೊತ್ತಲ್ವಾ, ಗಾಡಿಗಳ ಸಾಲು ಒಂದೊಂದೇ ಅಡಿ ಮುಂದೆ ಸರಿಯುತ್ತಿತ್ತು. ಅಲ್ಲೇ ಕೆಂಪು ಲೈಟ್ ಹತ್ತಿತು. ಅದಕ್ಕೆ ಎರಡೇ ತಿಂಗಳ ಹಿಂದೆ ಇದೇ ತೊಂದರೆಗೆ ಒಂದು ಗ್ಯಾರೇಜಿನಲ್ಲಿ ಹೊಸ ಫ್ಯಾನ್ ಮೋಟರ್ ಹಾಕಿಸಿದ್ದೆ. ಒಳ್ಳೆ ದುಡ್ಡು ಕೊಟ್ಟಿದ್ದೆ. ಆದರೂ ಫ್ಯಾನ್ ನಿಂತೇ ಇತ್ತು.

ಪಕ್ಕದ ಸಾಲಿನಲ್ಲಿದ್ದ ಟೆಂಪೋದ ಡ್ರೈವರ್ ಒಬ್ಬರು ಇಳಿದು ಬಂದರು. ಹಿಂದೆ ಹತ್ತು ವರ್ಷ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿದವರಂತೆ. ಮೋಟರ್ ಕಡೆ ಅವರು ನೋಡಲೇ ಇಲ್ಲ. ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಪುಟ್ಟ ಸ್ವಿಚ್ ಡಬ್ಬಿ) ಮೇಲೂ ಬೆರಳಿಟ್ಟರು. ಒಂದರ ಮೇಲೆ ಬೆರಳು ನಿಂತಿತು. "ಇದು ನೋಡ್ರಿ ಅಣ್ಣ, ಕೈ ಇಡ್ಲಾಕ ಆಗವಲ್ದು" ಅಂದರು. ಅಲ್ಲಾಡಿಸಿ ಕಿತ್ತು ನನ್ನ ಅಂಗೈಗೆ ಹಾಕಿದರು. ನಾಲ್ಕು ಕಾಲುಗಳಲ್ಲಿ ಮೂರು ಹೊಳೆಯುತ್ತಿದ್ದವು. ನಾಲ್ಕನೆಯದು ನೀಲಿಗಪ್ಪಾಗಿತ್ತು. ಆ ಕಾಲು ಕೂರುವ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮೂಗು ಹತ್ತಿರ ತಂದರೆ ಕಮಟು ವಾಸನೆ. ತೂತಿನೊಳಗಿನ ತಗಡು ಸಡಿಲಾಗಿ, ಕಾಲು ಸರಿಯಾಗಿ ಹಿಡಿಯದೆ, ಕರೆಂಟ್ ಹರಿದಾಗೆಲ್ಲ ಅಲ್ಲೇ ಬಿಸಿಯಾಗಿ ಬಿಸಿಯಾಗಿ ಹಾಗಾಗಿತ್ತು. "ಮೋಟರ್ ಛಲೋನೇ ಅದ ರೀ, ಅದಕ್ಕ ಕರೆಂಟೇ ಬರಲತ್ತಿಲ್ಲ" ಅಂದರು. ಸರಿಯಾಗಿದ್ದ ಹಳೆ ಮೋಟರನ್ನು ಕಿತ್ತು ಹೊಸದು ಹಾಕಿಸಿದ್ದೆ. ಕೀಳುವಾಗ, ಹಾಕುವಾಗ ವೈರು ಅಲ್ಲಾಡಿ ಆ ಸಡಿಲ ಕಾಲು ಎರಡು ತಿಂಗಳು ಹೇಗೋ ಹಿಡಿದಿತ್ತು, ಅಷ್ಟೇ.

ಅವತ್ತಿನಿಂದ ಯಾರು ಫ್ಯಾನ್ ಬಗ್ಗೆ ಕೇಳಿದರೂ ನಾನು ಹೇಳುವುದು ಒಂದೇ. ಯಾವ ಪಾರ್ಟ್ ಬದಲಿಸಲಿ ಅಂತ ಕೇಳಬೇಡಿ. ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಹುಡುಕಿ.

ಕರೆಂಟಿನ ಹಾದಿ

ಬ್ಯಾಟರಿಯಿಂದ ದಪ್ಪ ವೈರು ಫ್ಯೂಸಿಗೆ ಬರುತ್ತದೆ. ಫ್ಯೂಸಿನಿಂದ ರಿಲೇಗೆ, ರಿಲೇಯಿಂದ ಮೋಟರಿಗೆ, ಮೋಟರಿನಿಂದ ಅರ್ಥಿಂಗಿಗೆ, ಅಂದರೆ ಗಾಡಿಯ ಲೋಹದ ಮೈಗೆ. ಇದು ದೊಡ್ಡ ಹಾದಿ. ಇನ್ನೊಂದು ಸಣ್ಣ ಹಾದಿ ಇದೆ. ಎಂಜಿನ್ನಿನ ಕೂಲೆಂಟ್ ಸೆನ್ಸರ್ ಬಿಸಿಯನ್ನು ಅಳೆದು ಇಸಿಯುಗೆ, ಅಂದರೆ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ, ಹೇಳುತ್ತದೆ. ಸುಮಾರು 95ರಿಂದ 100 ಡಿಗ್ರಿ ಆದಾಗ ಇಸಿಯು ರಿಲೇಯನ್ನು ಎಳೆಯುತ್ತದೆ, ರಿಲೇ ಟಕ್ ಅಂತ ಕೂರುತ್ತದೆ, ಫ್ಯಾನ್ ತಿರುಗುತ್ತದೆ. ಹಳೆಯ ಗಾಡಿಗಳಲ್ಲಿ ಇಸಿಯು ಇರಲಿಲ್ಲ. ರೇಡಿಯೇಟರಿಗೇ ಒಂದು ಥರ್ಮೋ ಸ್ವಿಚ್ ಇರುತ್ತಿತ್ತು, ಬಿಸಿಯಾದಾಗ ಅದೇ ಸ್ವಿಚ್ ಒತ್ತಿದ ಹಾಗೆ ಆಗುತ್ತಿತ್ತು.

ತೊಂದರೆ ಈ ಎರಡು ಹಾದಿಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ನಮ್ಮ ಕೆಲಸ ಹಾದಿಯ ಯಾವ ಅರ್ಧದಲ್ಲಿ ತೊಂದರೆ ಇದೆ ಅಂತ ನೋಡುತ್ತಾ, ಹುಡುಕುವ ಜಾಗವನ್ನು ಅರ್ಧ ಅರ್ಧ ಕಡಿಮೆ ಮಾಡುತ್ತಾ ಹೋಗುವುದು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 12 ವೋಲ್ಟಿನ ಒಂದು ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಪುಟ್ಟ ದೀಪ), ಸಾಧ್ಯವಾದರೆ ಒಂದು ಸಾದಾ ಮಲ್ಟಿಮೀಟರ್, ಎರಡು ದಪ್ಪ ವೈರಿನ ತುಂಡು, ಅದರಲ್ಲಿ ಒಂದಕ್ಕೆ 30 ಆಂಪ್ ಫ್ಯೂಸ್ ಕೂರಿಸಿದ್ದು. ಮನೆಯ ಬಲ್ಬಿಗೆ ಹಾಕುವ ತೆಳು ವೈರು ಬೇಡ. ಫ್ಯಾನ್ ಮೋಟರ್ 10ರಿಂದ 20 ಆಂಪ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಜಾಸ್ತಿ. ತೆಳು ವೈರು ನಿಮ್ಮ ಕೈಯಲ್ಲೇ ಸುಡುತ್ತದೆ.

ಒಂದು ಎಚ್ಚರಿಕೆ. ಎಷ್ಟೋ ಗಾಡಿಗಳಲ್ಲಿ ಚಾವಿ ತೆಗೆದ ಮೇಲೂ ಫ್ಯಾನ್ ತಟ್ಟನೆ ತಿರುಗಬಹುದು. ರೆಕ್ಕೆಯ ಹತ್ತಿರ ಕೈ ಹಾಕುವ ಮುನ್ನ ಬ್ಯಾಟರಿಯ ಮೈನಸ್ ಬಿಚ್ಚಿ. ಹೆಗಲ ಮೇಲಿನ ಟವೆಲ್, ಕೈಯ ಕಡಗ, ಉಂಗುರ ತೆಗೆದಿಡಿ.

ಮೊದಲು ಕಣ್ಣು, ಕೈ

ಎಂಜಿನ್ ತಣ್ಣಗಿರುವಾಗ, ಮೈನಸ್ ಬಿಚ್ಚಿ, ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಹಗುರಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಕರಕರ ಅಂದರೆ, ಮೋಟರಿನ ಬೇರಿಂಗ್ ಹಿಡಿದಿದೆ. ಅಂಥ ಮೋಟರ್ ಫ್ಯೂಸನ್ನೂ ಸುಡುತ್ತದೆ. ರೆಕ್ಕೆಯ ಸಂದಿಯಲ್ಲಿ ಪ್ಲಾಸ್ಟಿಕ್ ಚೀಲ, ಕಡ್ಡಿ ಸಿಕ್ಕಿದೆಯಾ ನೋಡಿ. ಮೋಟರಿನಿಂದ ಹೊರಟ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಇಲಿ ಕಡಿದದ್ದು ಇಲ್ಲೇ ಸಿಗುತ್ತದೆ. ಹೊಲದ ಪಕ್ಕದಲ್ಲೋ, ಕಾಳಿನ ಚೀಲ ಇಡುವ ಶೆಡ್ಡಿನಲ್ಲೋ ಗಾಡಿ ನಿಲ್ಲಿಸುವವರು ಇದನ್ನು ಮರೆಯದೆ ನೋಡಬೇಕು. ಕಪ್ಲರ್, ಅಂದರೆ ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಪ್ಲಗ್, ಬಿಚ್ಚಿ ಒಳಗಿನ ಪಿನ್ ನೋಡಿ. ಹಸಿರು ಪಾಚಿಯಂಥದ್ದು ಕೂತಿದ್ದರೆ, ಪ್ಲಾಸ್ಟಿಕ್ ಕಂದಾಗಿದ್ದರೆ, ಹುಡುಕಾಟ ಅಲ್ಲಿಗೇ ಮುಗಿಯಬಹುದು.

ಎಸಿ ಹಾಕಿ ನೋಡಿ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಖರ್ಚೂ ಇಲ್ಲ. ಮೈನಸ್ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ, ಇಲ್ಲವೇ ಅರ್ಧ ನಿಮಿಷದಲ್ಲಿ, ಎಂಜಿನ್ ತಣ್ಣಗಿದ್ದರೂ ಫ್ಯಾನ್ ತಿರುಗಬೇಕು.

ತಿರುಗಿದರೆ ಮೋಟರ್, ಫ್ಯೂಸ್, ಅರ್ಥಿಂಗ್ ಎಲ್ಲಾ ಸರಿ ಇವೆ, ದೊಡ್ಡ ಹಾದಿ ಸರಿ ಇದೆ. ತೊಂದರೆ ಸೆನ್ಸರ್ ಕಡೆ ಇದೆ. ಕೆಳಗಿನ ಸೆನ್ಸರ್ ಭಾಗಕ್ಕೆ ನೇರ ಹೋಗಿ.

ತಿರುಗದಿದ್ದರೆ ಫ್ಯೂಸಿನಿಂದ ಶುರು ಮಾಡಬೇಕು. ಎರಡು ವಿಷಯ ಗಮನಿಸಿ. ಕೆಲವು ಗಾಡಿಗಳಲ್ಲಿ ಎರಡು ಫ್ಯಾನ್ ಇರುತ್ತವೆ, ಒಂದು ರೇಡಿಯೇಟರಿಗೆ, ಇನ್ನೊಂದು ಎಸಿಯ ಕಂಡೆನ್ಸರಿಗೆ (ರೇಡಿಯೇಟರಿನ ಮುಂದೆ ಕೂರುವ ಎಸಿಯ ಜಾಲರಿ). ತಿರುಗಿದ್ದು ಯಾವುದು ಅಂತ ಬಗ್ಗಿ ನೋಡಿ. ಇನ್ನೊಂದು, ಎಸಿಯಲ್ಲಿ ಗ್ಯಾಸ್ ಖಾಲಿಯಾಗಿದ್ದರೆ ಕಂಪ್ರೆಸರ್ ಹಿಡಿಯುವುದಿಲ್ಲ, ಫ್ಯಾನೂ ಬಾರದೇ ಇರಬಹುದು. ಎಸಿ ತಣ್ಣಗೆ ಮಾಡದೆ ಎಷ್ಟೋ ದಿನವಾಗಿದ್ದರೆ ಈ ಪರೀಕ್ಷೆಯನ್ನು ನಂಬಬೇಡಿ.

ಫ್ಯೂಸ್

ಬಾನೆಟ್ ಒಳಗಿನ ಕಪ್ಪು ಬಾಕ್ಸಿನ ಮುಚ್ಚಳದ ಒಳಗಡೆ ನಕ್ಷೆ ಇರುತ್ತದೆ. ಫ್ಯಾನಿನ ಗುರುತು ಅಥವಾ ರೇಡಿಯೇಟರ್ ಹೆಸರು ಹುಡುಕಿ. ಸಾಮಾನ್ಯವಾಗಿ 30 ಅಥವಾ 40 ಆಂಪ್ ಫ್ಯೂಸ್. ಕಣ್ಣಿಗೆ ಸರಿ ಕಂಡರೂ ಕೂದಲೆಳೆ ಬಿರುಕು ಇರಬಹುದು, ಅದಕ್ಕೆ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಮೈನಸ್ಸಿಗೆ ಹಾಕಿ ಫ್ಯೂಸಿನ ಎರಡೂ ಬದಿ ಮುಟ್ಟಿಸಿ. ಎರಡೂ ಕಡೆ ದೀಪ ಹತ್ತಿದರೆ ಫ್ಯೂಸ್ ಸರಿ. ಒಂದೇ ಕಡೆ ಹತ್ತಿದರೆ ಹೋಗಿದೆ.

ಹೋಗಿದ್ದರೆ ಅಷ್ಟೇ ಆಂಪಿನದು ಹಾಕಿ. ಸುಮ್ನೆ ದೊಡ್ಡದು ಹಾಕುವುದು, ತಂತಿ ಸುತ್ತುವುದು ಬೇಡವೇ ಬೇಡ, ಮುಂದೆ ಸುಡುವುದು ವೈರು. ಹೊಸ ಫ್ಯೂಸ್ ಹಾಕಿದ ತಕ್ಷಣ ಮತ್ತೆ ಹೋದರೆ ವೈರು ಎಲ್ಲೋ ಗಾಡಿಯ ಮೈಗೆ ತಾಗಿದೆ, ಇಲ್ಲವೇ ಮೋಟರ್ ಜಾಮ್ ಆಗಿದೆ.

ರಿಲೇ

ನನ್ನ ಅನುಭವದಲ್ಲಿ ಜಾಸ್ತಿ ಗಾಡಿಗಳು ಇಲ್ಲೇ ಸಿಕ್ಕಿಬೀಳುತ್ತವೆ, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಿವಿ. ಒಬ್ಬರು ಒಳಗೆ ಕೂತು ಎಸಿ ಆನ್, ಆಫ್ ಮಾಡಲಿ, ನೀವು ಫ್ಯಾನ್ ರಿಲೇ ಮೇಲೆ ಬೆರಳಿಡಿ. ಪ್ರತಿ ಸಲ ಟಕ್ ಅಂದರೆ ಇಸಿಯು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಆದರೆ ಟಕ್ ಅಂದ ಮಾತ್ರಕ್ಕೆ ರಿಲೇ ಸರಿ ಅಂತಲ್ಲ. ಒಳಗಿನ ಪಾಯಿಂಟ್, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ದಾಟಿಸುವ ಲೋಹದ ತುದಿ, ಸುಟ್ಟಿದ್ದರೆ ಸದ್ದು ಬರುತ್ತದೆ, ಕರೆಂಟ್ ದಾಟುವುದಿಲ್ಲ.

ಆಮೇಲೆ ಅದಲುಬದಲು. ಹಾರ್ನಿನ ರಿಲೇ ಎಷ್ಟೋ ಗಾಡಿಗಳಲ್ಲಿ ಫ್ಯಾನ್ ರಿಲೇಯಂಥದ್ದೇ ಆಗಿರುತ್ತದೆ. ಮೇಲೆ ಬರೆದ ನಂಬರು ಎರಡರಲ್ಲೂ ಒಂದೇ ಇದ್ದರೆ ಮಾತ್ರ ಬದಲಿಸಿ ಹಾಕಿ. ಫ್ಯಾನ್ ತಿರುಗಿ ಹಾರ್ನ್ ನಿಂತರೆ ರಿಲೇ ಹೋಗಿದೆ ಅಂತ ಖಾತ್ರಿ. ಹೊಸ ರಿಲೇಗೆ ಮೋಟರಿನ ಬೆಲೆಯ ಸಣ್ಣ ಪಾಲು ಸಾಕು.

ಅದರಿಂದಲೂ ಆಗದಿದ್ದರೆ ಸಾಕೆಟ್ ಪರೀಕ್ಷೆ. ರಿಲೇ ಕಿತ್ತು ಬುಡ ನೋಡಿ. ಬಹಳಷ್ಟು ರಿಲೇಗಳಲ್ಲಿ 30, 87, 85, 86 ಅಂತ ಕಾಲುಗಳ ಪಕ್ಕ ಬರೆದಿರುತ್ತದೆ. 85, 86 ಎರಡೂ ಒಳಗಿನ ಕಾಯಿಲಿನ, ಅಂದರೆ ಪಾಯಿಂಟನ್ನು ಎಳೆಯುವ ತಂತಿ ಸುರುಳಿಯ ತುದಿಗಳು. 30ಕ್ಕೆ ಬ್ಯಾಟರಿ ಕರೆಂಟ್ ಬರುತ್ತದೆ, 87ರಿಂದ ಮೋಟರಿಗೆ ಹೋಗುತ್ತದೆ. ಬೇರೆ ನಂಬರು ಇದ್ದರೆ ರಿಲೇ ಮೈಮೇಲಿನ ಪುಟ್ಟ ಚಿತ್ರ ನೋಡಿ, ಸುರುಳಿ ಬರೆದಿರುವುದು ಕಾಯಿಲ್, ತೆರೆದ ಬಾಗಿಲಿನಂಥ ಗೆರೆ ಇರುವುದು ಪಾಯಿಂಟ್. ಈಗ ಸಾಕೆಟ್ಟಿನ 30ರ ತೂತಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ, ದೀಪ ಹತ್ತಬೇಕು. ಹತ್ತದಿದ್ದರೆ ಚಾವಿ ಆನ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಹತ್ತದಿದ್ದರೆ ಫ್ಯೂಸಿನಿಂದ ಇಲ್ಲಿಯವರೆಗಿನ ವೈರು ನೋಡಬೇಕು. ಹತ್ತಿದರೆ ಫ್ಯೂಸ್ ಇರುವ ದಪ್ಪ ವೈರಿನಿಂದ 30ನ್ನೂ 87ನ್ನೂ ಸೇರಿಸಿ. ಕೈ ಅಲ್ಲಾಡದಿರಲಿ, ಸಣ್ಣ ಕಿಡಿ ಬಂದರೆ ಹೆದರಬೇಡಿ. ಆದರೆ 85, 86ರ ತೂತಿಗೆ ಮಾತ್ರ ಈ ವೈರು ಹೋಗಬಾರದು, ಅದರ ಒಂದು ತುದಿ ಇಸಿಯುಗೆ ಹೋಗುತ್ತದೆ, ಅದು ಸುಟ್ಟರೆ ದೊಡ್ಡ ಖರ್ಚು.

ಫ್ಯಾನ್ ಜೋರಾಗಿ ತಿರುಗಿದರೆ ಇಲ್ಲಿಂದ ಮುಂದೆ ಮೋಟರ್, ವೈರು, ಅರ್ಥಿಂಗ್ ಎಲ್ಲಾ ಸರಿ ಇವೆ. ರಿಲೇ ಇಲ್ಲವೇ ಅದನ್ನು ಎಳೆಯುವ ಸಣ್ಣ ಹಾದಿ ಕೆಟ್ಟಿದೆ. ತಿರುಗದಿದ್ದರೆ ಮುಂದಕ್ಕೆ ಹೋಗಿ.

ನನ್ನ ಗಾಡಿಯಂತೆ ಸಾಕೆಟ್ ಕಂದಾಗಿದ್ದರೆ, ಬರೀ ರಿಲೇ ಬದಲಿಸಿ ಸುಮ್ಮನಾಗಬೇಡಿ. ಸಡಿಲ ತಗಡು ಹಾಗೇ ಇದ್ದರೆ ಹೊಸ ರಿಲೇಯ ಕಾಲೂ ಸುಡುತ್ತದೆ. ಆ ಟರ್ಮಿನಲ್ ಬದಲಿಸಬೇಕು. ಆಗದಿದ್ದರೆ ಹೊರಗೆ ಒಂದು ಹೊಸ ರಿಲೇ ಸಾಕೆಟ್ ಕೂರಿಸಿ, ಸರಿಯಾದ ದಪ್ಪದ ವೈರಿನಲ್ಲಿ ಜೋಡಿಸಿಕೊಡಿ ಅಂತ ಎಲೆಕ್ಟ್ರಿಷಿಯನ್ನರಿಗೆ ಹೇಳಿ.

ಮೋಟರಿಗೆ ನೇರ ಕರೆಂಟ್

ಮೋಟರಿನ ಕಪ್ಲರ್ ಬಿಚ್ಚಿ. ಎರಡೇ ಪಿನ್ ಇದ್ದರೆ ಬ್ಯಾಟರಿಯ ಪ್ಲಸ್ಸನ್ನು ಫ್ಯೂಸ್ ಇರುವ ವೈರಿನಿಂದ ಒಂದಕ್ಕೆ, ಮೈನಸ್ಸನ್ನು ಇನ್ನೊಂದಕ್ಕೆ ಕೊಡಿ. ಜೋರಾಗಿ ತಿರುಗಿದರೆ ಮೋಟರಿಗೆ ಏನೂ ಆಗಿಲ್ಲ. ಗಾಳಿ ಎಂಜಿನ್ ಕಡೆ ಬರುತ್ತಿರಲಿ, ಉಲ್ಟಾ ತಿರುಗಿದರೆ ವೈರು ಅದಲುಬದಲಾಗಿದೆ ಅಷ್ಟೇ. ಎರಡಕ್ಕಿಂತ ಜಾಸ್ತಿ ಪಿನ್ ಇದ್ದರೆ, ಮೋಟರಿನ ಮೈಮೇಲೆಯೇ ಎಲೆಕ್ಟ್ರಾನಿಕ್ ಡಬ್ಬಿ ಇದ್ದರೆ, ಹೀಗೆ ನೇರ ಕೊಡಬೇಡಿ. ಅದು ಬೇರೆ ಜಾತಿ, ಸ್ಕ್ಯಾನರ್ ಇರುವವರ ಹತ್ತಿರ ಹೋಗುವುದೇ ಸರಿ.

ತಿರುಗದೆ ಸುಮ್ಮನಿದ್ದರೆ, ಕರೆಂಟ್ ಕೊಟ್ಟಿರುವಾಗಲೇ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಹಿಂಭಾಗಕ್ಕೆ ಮೆತ್ತಗೆ ತಟ್ಟಿ, ಕೈ ರೆಕ್ಕೆಯಿಂದ ದೂರ ಇರಲಿ. ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಅವತ್ತು ಮನೆ ಮುಟ್ಟಬಹುದು, ಆದರೆ ಆ ಮೋಟರಿನ ಆಯಸ್ಸು ಮುಗಿದಿದೆ. ಈಗ ಬದಲಿಸಿ, ಈಗ ಕೊಟ್ಟ ದುಡ್ಡು ದಂಡವಲ್ಲ.

ದಾರಿಯಲ್ಲಿ ಸಿಕ್ಕಿಬಿದ್ದಾಗಲೂ ಇದೇ ಉಪಾಯ ಕೈ ಹಿಡಿಯುತ್ತದೆ. ಜೇವರ್ಗಿ ರೋಡಿನಲ್ಲಿ ಕಟ್ಟಿಸಂಗಾವಿ ಸೇತುವೆ ಹತ್ತಿರ ಗೆಳೆಯನ ಗಾಡಿ ಹೀಗೆ ನಿಂತಾಗ, ಫ್ಯೂಸ್ ಇರುವ ವೈರಿನಿಂದ ಫ್ಯಾನನ್ನು ನೇರ ಬ್ಯಾಟರಿಗೆ ಕಟ್ಟಿಕೊಂಡೇ ಕಲಬುರಗಿಗೆ ಬಂದೆವು. ವೈರು ರೆಕ್ಕೆಗೂ ಬೆಲ್ಟಿಗೂ ತಾಗದಂತೆ ಕಟ್ಟಿ. ಮನೆ ಮುಟ್ಟಿದ ಮೇಲೆ ಬಿಚ್ಚಲು ಮರೆತರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ.

ಅರ್ಥಿಂಗ್

ನೇರ ಕೊಟ್ಟರೆ ತಿರುಗುತ್ತದೆ, ರಿಲೇ ಸಾಕೆಟ್ಟಿನಿಂದ ಕೊಟ್ಟರೆ ತಿರುಗುವುದಿಲ್ಲ, ಅಥವಾ ಸೋತ ಹಾಗೆ ನಿಧಾನ ತಿರುಗುತ್ತದೆ ಅಂದರೆ ನಡುವಿನ ವೈರು ಇಲ್ಲವೇ ಅರ್ಥಿಂಗ್. ಟೆಸ್ಟ್ ಲ್ಯಾಂಪ್ ಇಲ್ಲಿ ಮೋಸ ಮಾಡಬಹುದು. ಹತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದ ವೈರೂ ಸಣ್ಣ ದೀಪ ಹಚ್ಚುತ್ತದೆ, ಆದರೆ 15 ಆಂಪಿನ ಮೋಟರನ್ನು ಎಳೆಯಲಾರದು. ಅದಕ್ಕೆ ಕಪ್ಲರ್ ಜೋಡಿಸಿ, ಫ್ಯಾನಿಗೆ ಕರೆಂಟ್ ಕೊಟ್ಟಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಕಪ್ಲರಿನ ಹಿಂದಿನಿಂದ ಮೋಟರಿನ ಮೈನಸ್ ಪಿನ್ನಿಗೆ ಮುಟ್ಟಿಸಿ. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಎರಡು, ಮೂರು ವೋಲ್ಟ್ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಅರ್ಥಿಂಗ್ ವೈರು ಗಾಡಿಯ ಮೈಗೆ ಕೂರುವ ಬೋಲ್ಟ್ ಬಿಚ್ಚಿ, ತುಕ್ಕು ಮತ್ತು ಬಣ್ಣ ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆದ ಮೇಲೆ ಬಿಗಿ ಮಾಡಿ.

ಸೆನ್ಸರ್ ಕಡೆ

ಎಸಿಗೆ ಫ್ಯಾನ್ ಬರುತ್ತದೆ, ಬಿಸಿಗೆ ಬರುವುದಿಲ್ಲ ಅನ್ನುವವರು ಇಲ್ಲಿ ನೋಡಿ. ಹಳೆ ಗಾಡಿಯ ಥರ್ಮೋ ಸ್ವಿಚ್ ಆದರೆ ಅದರ ಎರಡು ವೈರನ್ನು ಬಿಚ್ಚಿ, ಚಾವಿ ಆನ್ ಮಾಡಿ, ಒಂದಕ್ಕೊಂದು ಮುಟ್ಟಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ.

ಇಸಿಯು ಇರುವ ಗಾಡಿಯಲ್ಲಿ ಹಾಗೆ ಸೇರಿಸಬೇಡಿ. ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಸೆನ್ಸರಿನ ಕಪ್ಲರ್ ಮಾತ್ರ ಬಿಚ್ಚಿ. ಬಹುತೇಕ ಗಾಡಿಗಳಲ್ಲಿ ಸೆನ್ಸರ್ ಸಿಗದಿದ್ದಾಗ ಇಸಿಯು ಜಾಗ್ರತೆಗೆ ಫ್ಯಾನನ್ನು ತಾನೇ ಓಡಿಸುತ್ತದೆ. ಫ್ಯಾನ್ ಶುರುವಾದರೆ ಇಸಿಯುವಿನಿಂದ ಫ್ಯಾನಿನವರೆಗೆ ಎಲ್ಲಾ ಸರಿ, ಸೆನ್ಸರ್ ಮೇಲೆ ಅನುಮಾನ. ಇಷ್ಟು ಮಾಡಿದ್ದಕ್ಕೆ ಚೆಕ್ ಎಂಜಿನ್ ಲೈಟ್ ಹತ್ತಬಹುದು, ಆಮೇಲೆ ಸ್ಕ್ಯಾನರಿನಿಂದ ಅಳಿಸಬಹುದು. ಸೆನ್ಸರನ್ನು ಮಲ್ಟಿಮೀಟರಿನಲ್ಲೂ ನೋಡಬಹುದು. ತಣ್ಣಗಿರುವಾಗ ಸುಮಾರು 2 ಸಾವಿರ ಓಮ್ ಆಸುಪಾಸು ಇರುವುದು, ಎಂಜಿನ್ ಕಾದಂತೆ ಇಳಿಯುತ್ತಾ ಕೆಲವು ನೂರು ಓಮಿಗೆ ಬರಬೇಕು. ಸರಿಯಾದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಆದರೆ ಕಾದರೂ ಅಂಕಿ ಅಲ್ಲಾಡದಿದ್ದರೆ ಸೆನ್ಸರ್ ಸತ್ತಿದೆ.

ಫ್ಯಾನಿನ ತಪ್ಪೇ ಅಲ್ಲದಿದ್ದಾಗ

ಕೂಲೆಂಟ್ ಕಮ್ಮಿಯಾಗಿ ಸೆನ್ಸರಿನ ತುದಿ ನೀರಿನಲ್ಲಿ ಮುಳುಗದೆ ಗಾಳಿಯಲ್ಲಿ ನಿಂತಿದ್ದರೆ, ಎಂಜಿನ್ ಕುದಿಯುತ್ತಿದ್ದರೂ ಸೆನ್ಸರಿಗೆ ಗೊತ್ತಾಗುವುದಿಲ್ಲ. ಫ್ಯಾನ್ ಬರುವುದಿಲ್ಲ, ಮುಳ್ಳೂ ಸುಳ್ಳು ಹೇಳುತ್ತದೆ. ಹೋಸ್ ಪೈಪ್ ಬದಲಿಸಿದ ಮೇಲೆ, ಕೂಲೆಂಟ್ ಬದಲಿಸಿದ ಮೇಲೆ ಹವಾ ಹಿಡಿದಿದ್ದರೂ ಹೀಗೇ. ಆದ್ದರಿಂದ ಎಲ್ಲಕ್ಕೂ ಮೊದಲು, ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೇ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಇದೆ ಅಂತ ರೇಡಿಯೇಟರಿನಲ್ಲೂ ಇದೆ ಅಂದುಕೊಳ್ಳಬೇಡಿ.

ಇನ್ನೊಂದು ಥರ್ಮೋಸ್ಟಾಟ್ ವಾಲ್ವ್. 82ರಿಂದ 88 ಡಿಗ್ರಿ ಹತ್ತಿರ ಅದು ತೆರೆದು ಬಿಸಿನೀರನ್ನು ರೇಡಿಯೇಟರಿಗೆ ಬಿಡಬೇಕು. ತೆರೆಯದೆ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತದೆ, ರೇಡಿಯೇಟರ್ ತಣ್ಣಗಿರುತ್ತದೆ. ಥರ್ಮೋ ಸ್ವಿಚ್ ರೇಡಿಯೇಟರಿನಲ್ಲಿದ್ದರೆ ಫ್ಯಾನ್ ಬರುವ ಮಾತೇ ಇಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೂ ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನ ಹೋಸ್ ತಣ್ಣಗಿದ್ದರೆ ಈ ವಾಲ್ವ್ ನೋಡಿ. ನಮ್ಮ ಕಡೆ ಬಿಸಿಲು ಜಾಸ್ತಿ ಅಂತ ವಾಲ್ವನ್ನೇ ತೆಗೆದುಹಾಕಿ ಓಡಿಸುವ ರೂಢಿ ಇದೆ. ಬೇಡ. ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಪೆಟ್ರೋಲ್, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಫ್ಯಾನಿಗೆ ಎರಡು ಸ್ಪೀಡ್ ಇರುವ ಗಾಡಿಗಳಲ್ಲಿ ನಿಧಾನದ ಸ್ಪೀಡ್ ಬಾರದೆ, ತುಂಬಾ ಕಾದಾಗ ಜೋರಿನದು ಮಾತ್ರ ಬಂದರೆ ರೆಸಿಸ್ಟರ್ ಸುಟ್ಟಿರುತ್ತದೆ. ಫ್ಯಾನಿನ ಚೌಕಟ್ಟಿಗೇ ಸಾಮಾನ್ಯವಾಗಿ ಅದನ್ನು ಕೂರಿಸಿರುತ್ತಾರೆ. ಇನ್ನು ಹಳೆಯ ಡೀಸೆಲ್ ಜೀಪು, ಪಿಕಪ್‌ಗಳಲ್ಲಿ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ, ಅವಕ್ಕೆ ಫ್ಯೂಸ್, ರಿಲೇ ಹುಡುಕುತ್ತಾ ಕೂರಬೇಡಿ.

ನಮ್ಮ ನೀರು, ನಮ್ಮ ಧೂಳು

ಕಲಬುರಗಿ ಸುತ್ತಮುತ್ತ ಬೋರಿನ ನೀರು ಸವಳು. ಅನ್ನ ಬೇಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ನೋಡಿದ್ದೀರಲ್ವಾ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕೂರುತ್ತದೆ. ಸೆನ್ಸರಿನ ತುದಿಯ ಮೇಲೂ ಕೂತು, ಬಿಸಿ ಮುಟ್ಟುವುದು ತಡವಾಗುತ್ತದೆ. ಒಮ್ಮೆ ಸೆನ್ಸರ್ ಬಿಚ್ಚಿದಾಗ ಅದರ ಹಿತ್ತಾಳೆ ತುದಿ ಕಾಣದಷ್ಟು ಸುಣ್ಣ ಹಿಡಿದಿತ್ತು. ಕೂಲೆಂಟ್ ಹಾಕಿ, ಬೆರೆಸಬೇಕಾದರೆ ಡಿಸ್ಟಿಲ್ಡ್ ನೀರು ಬೆರೆಸಿ. ದಾರಿಯಲ್ಲಿ ಅನಿವಾರ್ಯವಾಗಿ ಬೇರೆ ನೀರು ಹಾಕಿದ್ದರೆ ಆ ವಾರದಲ್ಲೇ ತೆಗೆಸಿ, ತೊಳೆಸಿ, ಕೂಲೆಂಟ್ ತುಂಬಿಸಿ.

ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ವಾಡಿ ಮತ್ತು ಸೇಡಂ ಕಡೆ ಓಡಾಡುವವರಿಗೆ ಸಿಮೆಂಟ್ ಧೂಳು, ಎರಡೂ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸೇರಿ ಕಂಬಳಿಯಂತೆ ಕೂರುತ್ತವೆ. ಆಗ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ದಾಟುವುದಿಲ್ಲ. ಬ್ಯಾಸಿಗೆ ಶುರುವಾಗುವ ಮುನ್ನ ಒಮ್ಮೆ ಎಂಜಿನ್ ಕಡೆಯಿಂದ ಹೊರಗಡೆಗೆ, ಸಾದಾ ಪೈಪಿನ ನೀರಿನಿಂದ ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳ್ಳನೆ ಎಲೆಗಳು ಮಡಚಿ ಕೂರುತ್ತವೆ. ಮೋಟರಿನ ಮೇಲೆ ನೇರ ನೀರು ಬೀಳದಿರಲಿ.

ಸರಿಯಾಯಿತಾ ಅಂತ ನೋಡುವುದು

ರಿಪೇರಿ ಆದ ಮೇಲೆ ಎಸಿ ಆಫ್ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ ನೆರಳಿನಲ್ಲಿ ನಿಲ್ಲಿಸಿ. ಗಾಡಿಯ ಪಕ್ಕದಿಂದ ಏಳಬೇಡಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಮುಳ್ಳು ನಡುವಿಗೆ ಬರುತ್ತದೆ, ಮೇಲಿನ ಹೋಸ್ ಕಾಯುತ್ತದೆ, ಆಮೇಲೆ ಕೆಳಗಿನದು, ಆಮೇಲೆ ಟಕ್ ಅನ್ನುತ್ತದೆ, ಫ್ಯಾನ್ ಹೊಯ್ ಅಂತ ಎದ್ದು ಬಿಸಿಗಾಳಿ ಎಂಜಿನ್ ಕಡೆ ತಳ್ಳುತ್ತದೆ. ಒಂದೆರಡು ನಿಮಿಷಕ್ಕೆ ತಾನೇ ನಿಲ್ಲಬೇಕು. ಮುಳ್ಳು ನಡು ದಾಟಿ ಮೇಲೆ ಹೋಗುತ್ತಿದ್ದರೂ ಫ್ಯಾನ್ ಬಾರದಿದ್ದರೆ ಅಲ್ಲೇ ಎಂಜಿನ್ ಆಫ್ ಮಾಡಿ. ಒಂದು ಸಲ ಬಂದು ಹೋದದ್ದಕ್ಕೆ ಎದ್ದು ಹೋಗಬೇಡಿ, ಇನ್ನೊಂದು ಸಲ ಬರುವವರೆಗೆ ಕಾಯಿರಿ. ಎರಡನೇ ಸಲ ಫ್ಯಾನ್ ನಿಂತ ಮೇಲೆ ರಿಲೇ ಮೇಲೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಬಾನೆಟ್ ಮುಚ್ಚಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಆ ಸಾಕೆಟ್ಟನ್ನು ಇನ್ನೊಮ್ಮೆ ಬಿಚ್ಚಬೇಕು.